ಎಂಟು ಕ್ರೂನಿನ ರೊಟ್ಟಿ

ಹದಿನೈದು ಪಟ್ಟಾಯಿತಲ್ಲೇ ಅಕ್ಕಾ, ಎಂದ ಊರ್ಮಸ್,
ಬ್ಯಾಂಕಿನ ಕಾಗದವನ್ನು ದೀಪಕ್ಕೆ ಹಿಡಿದು.
ಎರಡು ಸಾವಿರದ ನಾಲ್ಕರಲ್ಲಿ ಇಪ್ಪತ್ತು ಸಾವಿರ ಕ್ರೂನು,
ಇವತ್ತು ಹತ್ತೊಂಬತ್ತು ಸಾವಿರದ ಆರುನೂರು ಯೂರೊ.
ಕ್ರೂನು ಸತ್ತು ಹದಿಮೂರು ವರ್ಷ;
ಹದಿನೈದೂಮುಕ್ಕಾಲಿಗೆ ತುಸು ಕಡಿಮೆ ಹೂತರೆ
ಒಂದು ಯೂರೊ ಎದ್ದಿತ್ತು.
ಭಾಗಿಸಿದ, ಶಿಳ್ಳೆ ಹಾಕಿದ,
ನನ್ನದೇ ಕಾಫಿಯನ್ನು ನನ್ನ ಭಾಗ್ಯಕ್ಕೆ ಎತ್ತಿ ಕುಡಿದ.

ನಾನು ಪಿಯಾನೊ ಶ್ರುತಿ ಮಾಡುವವಳು.
ಒಂಟಿ ತಂತಿ ಮೀಟಿ ಶ್ರುತಿ ಹೇಳಲಾರೆ;
ಪಕ್ಕದಲ್ಲೊಂದು ಕವೆ ಮಿಡಿಯಬೇಕು,
ಎರಡು ದನಿಗಳ ನಡುವೆ ಏಳುವ ನಡುಕವನ್ನು ಎಣಿಸಬೇಕು.
ಅದಕ್ಕೇ, ಅವನು ಹೋದ ಮೇಲೆ,
ತಾರ್ತುವಿನ ಹಿಮ ಕಿಟಕಿಯ ಕೆಳಗಿನ ಸೈಕಲ್ಲುಗಳನ್ನು
ಒಂದೊಂದಾಗಿ ಅಳಿಸುತ್ತಿರುವಾಗ
ನೀಲಿ ರಟ್ಟಿನ ಪುಸ್ತಕ ತೆಗೆದೆ.

ಹನಿ ಹನಿ ಕೂಡಿದರೆ ಹಳ್ಳ. ಇರಲಿ.
ಆದರೆ ಈ ಹಳ್ಳದಲ್ಲಿ ಮಳೆ ಎಷ್ಟು,
ನಾನೇ ಹೊತ್ತು ಸುರಿದ ಕೊಡ ಎಷ್ಟು?
ತಿಂಗಳ ಹತ್ತನೇ ತಾರೀಕು, ತಪ್ಪದೆ, ಇಪ್ಪತ್ತು ವರ್ಷ:
ಶಾಲೆಗಳ ಪಿಯಾನೊ,
ಚರ್ಚಿನ ಹಿಂಗೋಣೆಯ ಇಲಿ ಕಡಿದ ಪಿಯಾನೊ,
ಹಲ್ಲಿನ ಡಾಕ್ಟರಮ್ಮನ ಮಗಳು ಮುಟ್ಟದೆ ಬಿಟ್ಟ ಪಿಯಾನೊ,
ಎಲ್ಲ ಸೇರಿ ಹತ್ತು ಸಾವಿರದ ನಾನೂರು.
ಕೊಡ ಬದಿಗಿಟ್ಟೆ.
ಹದಿನೈದು ಪಟ್ಟು ಅಲ್ಲೇ ಮಗುಚಿ ಬಿತ್ತು.

ಮೂರು ಪುಟ ಖಾಲಿ. ಎರಡು ಸಾವಿರದ ಎಂಟು, ಒಂಬತ್ತು.
ನೋಡುವ ಧೈರ್ಯವಿರಲಿಲ್ಲ.
ಕಂತು ನಿಲ್ಲಿಸಲೆಂದು ಬ್ಯಾಂಕಿಗೆ ಹೋದದ್ದೂ ನಿಜ;
ಸಾಲು ಹೊರಗಿನ ಮೆಟ್ಟಿಲವರೆಗೆ ಇತ್ತು,
ಎರಡು ಗಂಟೆಗೆ ನನಗೆ ಎಲ್ವಾದಲ್ಲಿ ಕೆಲಸ.
ತಿರುಗಿ ಬಂದೆ.
ಆ ಮಧ್ಯಾಹ್ನದ ಬೇಸರ ಅಗ್ಗಕ್ಕೆ ಕೊಂಡ ಚೂರುಗಳೇ
ಈಗ ಪುಸ್ತಕದ ಅತ್ಯಂತ ದಷ್ಟಪುಷ್ಟ ಅಂಕಿಗಳು.
ಊರ್ಮಸ್ ಇದನ್ನು ದೂರದೃಷ್ಟಿ ಎನ್ನುತ್ತಾನೆ.

ಹಾಕಿದ ದಿನ, ತೆಗೆದ ದಿನ,
ಒಂದೊಂದು ಕಂತಿಗೂ ಅದರದರ ವಯಸ್ಸು.
ಮೊನ್ನೆ ಸುರಿದ ಕೊಡಕ್ಕೆ
ಇಪ್ಪತ್ತು ವರ್ಷದ ಲೆಕ್ಕ ಕೇಳುವುದು ಅನ್ಯಾಯ.
ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು:
ವರ್ಷಕ್ಕೆ ಶೇಕಡಾ ಆರೂವರೆ.
ಯಾರನ್ನೂ ಕೇಳದೆ ಇಡೀ ಪೇಟೆಯನ್ನೇ ಒಂದೊಂದು ಚಿಟಿಕೆ
ಕೊಂಡಿಟ್ಟವರಿಗೆ ಎಂಟು.
ನಡುವಿನ ಒಂದೂವರೆ
ನಗುಮೊಗದ ಮರಿಕಾ ಪ್ರತಿ ಕ್ರಿಸ್ಮಸ್ಸಿಗೆ ಕಳಿಸಿದ
ಗೋಡೆ ಕ್ಯಾಲೆಂಡರುಗಳ ಬೆಲೆ.

ಅಂಚಿನಲ್ಲಿ ಪೆನ್ಸಿಲಿನ ಇನ್ನೊಂದು ಸಾಲಿದೆ.
ಮೊದಲ ದಿನ ಯಾಕೋ ಬರೆದಿದ್ದೆ: ಕಪ್ಪು ರೊಟ್ಟಿ, ಎಂಟು ಕ್ರೂನು.
ಆಮೇಲೆ ಚಟವಾಯಿತು.
ಅದೂ ಬೆಳೆದಿದೆ, ಕುಲುಮೆಯಿಲ್ಲದೆ, ಕಂತಿಲ್ಲದೆ:
ಆರೂವರೆಯಲ್ಲಿ ಐದನ್ನು ರೊಟ್ಟಿಯೇ ತಿಂದಿದೆ.
ಉಳಿದದ್ದು ಒಂದೂವರೆ.
ಮರಿಕಾಗೂ ನನಗೂ ಸಮಪಾಲು.

ಕೆಂಪು ಶಾಯಿಯದು ಒಂದೇ:
ಎರಡು ಸಾವಿರದ ಹದಿನೈದು, ಮಾರ್ಚ್,
ತೆಗೆದದ್ದು ಸಾವಿರದ ಎಂಟುನೂರು.
ಮುಟ್ಟದೆ ಬಿಟ್ಟಿದ್ದರೆ ಇವತ್ತಿಗೆ ಮೂರು ಸಾವಿರ ದಾಟುತ್ತಿತ್ತು.
ಲೆಕ್ಕ ನನ್ನದೇ, ತಪ್ಪಿಲ್ಲ.
ಮೇಲಿನ ಸಪ್ತಕ ಮೊದಲು ಹೋಗಿತ್ತು ಆ ಚಳಿಗಾಲ;
ಸುತ್ತಿಗೆ ಬೀಳುವುದು ಕಾಣುತ್ತಿತ್ತು,
ಮರದ ಟೊಕ್ ಬಿಟ್ಟರೆ ಏನಿಲ್ಲ.
ಎಡಗಿವಿಗೊಂದು, ಬಲಗಿವಿಗೊಂದು,
ಹುರುಳಿಕಾಳಿನಷ್ಟು ಯಂತ್ರ.
ಆಮೇಲಿನ ಒಂಬತ್ತು ವರ್ಷದ ಕಂತುಗಳನ್ನೆಲ್ಲ
ಆ ಎರಡು ಕಾಳುಗಳೇ ಕೇಳಿಸಿಕೊಂಡು ಕಟ್ಟಿದವು.
ಇದನ್ನು ಯಾವ ಕಾಲಮ್ಮಿಗೆ ಹಾಕಲಿ?
ಪೆನ್ನು ಹಿಡಿದು ಕೂತೆ. ಹಾಕಲಿಲ್ಲ.

ಬೆಳಿಗ್ಗೆ ಊರ್ಮಸ್‌ಗೆ ಫೋನು ಮಾಡಿದೆ:
ಹದಿನೈದಲ್ಲ ಕಣೋ, ಒಂದೂವರೆ.
ಸ್ವಲ್ಪ ಹೊತ್ತು ಸುಮ್ಮನಿದ್ದ.
ಪಟ್ಟಾ? ಎಂದ.
ಅಲ್ಲ ಎಂದೆ.

ಹಿಮ ತುಳಿದು ಅಂಗಡಿಗೆ ಹೋಗಿ ಬಂದೆ.
ರೊಟ್ಟಿ ಒಂದು ಯೂರೊ ನಲವತ್ತು. ಬರೆಯಬೇಕು.
ಇವತ್ತು ಹತ್ತನೇ ತಾರೀಕು.